ಬೇರೆ ಯಾರದೋ ಮನೆಯವರು

ಮನೆಯಿಂದ,
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ರೀ,

ಬೇರೆ ಹೆಂಡತಿಯರು ಪತ್ರದಲ್ಲಿ ಗಂಡನನ್ನು ಏನೆಂದು ಕರೆಯುತ್ತಾರೋ ನನಗೆ ಗೊತ್ತಿಲ್ಲ. ಅಡುಗೆಮನೆಯಿಂದ ನಿಮ್ಮನ್ನು ಹೇಗೆ ಕೂಗುತ್ತೇನೋ ಹಾಗೆಯೇ ಇಲ್ಲೂ ಕೂಗಿದ್ದೇನೆ, ಓಗೊಟ್ಟರೆ ಸಾಕು. ಹೇಗಿದ್ದೀರಿ? ಕೆಮ್ಮು, ಜ್ವರ ಏನೂ ಇಲ್ಲ ತಾನೆ? ನಿಮ್ಮ ಹಡಗು ಇನ್ನೂ ಬಂದರಿನ ಹೊರಗೇ ಲಂಗರು ಹಾಕಿ ನಿಂತಿದೆ, ಯಾರನ್ನೂ ದಡಕ್ಕೆ ಇಳಿಸುತ್ತಿಲ್ಲ ಎಂದು ಕಂಪನಿಯ ಗುಮಾಸ್ತರು ಹೇಳಿದರು. ಹಡಗಿನ ಫೋನಿಗೆ ಸರದಿ ಬರುವುದೇ ಕಷ್ಟವಂತೆ. ಪತ್ರ ಬರೆದುಕೊಟ್ಟರೆ ತರಕಾರಿ, ನೀರು ಸಾಗಿಸುವ ದೋಣಿಯಲ್ಲಿ ಕಳಿಸುತ್ತೇವೆ ಎಂದರು. ತರಕಾರಿ ಬಂದ ತಕ್ಷಣ ಮೊದಲು ನೋಡುವವರು ನೀವೇ ಅಲ್ಲವೆ, ಹಡಗಿನ ಅಡುಗೆಯವರು! ಅಷ್ಟು ಜನಕ್ಕೆ ಮೂರು ಹೊತ್ತೂ ಬೇಯಿಸಿ ಹಾಕುವ ಮನುಷ್ಯ ಮನೆಗೆ ಬಂದರೆ ಒಂದು ಲೋಟ ನೀರನ್ನೂ ಕಾಯಿಸುವುದಿಲ್ಲ ಎಂದು ನಿಮ್ಮ ಜೊತೆಯವರಿಗೆ ಗೊತ್ತಿದೆಯೋ ಇಲ್ಲವೋ. ಸರಿಯಾಗಿ ಊಟ ಮಾಡಿ. ಎಲ್ಲರಿಗೂ ಬಡಿಸಿ ಕೊನೆಗೆ ತಳ ಕೆರೆದುಕೊಂಡು ತಿನ್ನಬೇಡಿ.

ನಾನು ಚೆನ್ನಾಗಿದ್ದೇನೆ. ಅತ್ತೆಯೂ ಮೈಯಲ್ಲಿ ಗಟ್ಟಿಯಾಗಿದ್ದಾರೆ. ಆವತ್ತು ಫೋನಿನಲ್ಲಿ 'ಮಾವ ಹೋಗಿಬಿಟ್ರು ರೀ' ಎಂದು ಒಂದು ಮಾತು ಹೇಳಿದೆ, ಆಮೇಲೆ ನೀವು ಅಳುವುದು ಕೇಳಿಸಿತು, ಅಷ್ಟರಲ್ಲಿ ಲೈನು ಕಡಿಯಿತು. ಹೇಗೆ, ಏನು ಎಂದು ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಈಗ ಎಲ್ಲವನ್ನೂ ಬರೆಯುತ್ತೇನೆ, ಯಾಕೆಂದರೆ ನೀವು ಮತ್ತೆ ಫೋನ್ ಮಾಡುವ ಮೊದಲು ನಿಮಗೆ ಒಂದು ವಿಷಯ ತಿಳಿದಿರಲೇಬೇಕು. ಮಾವ ಇಲ್ಲ ಎನ್ನುವುದು ಅತ್ತೆಗೆ ಇನ್ನೂ ಗೊತ್ತಿಲ್ಲ. ಅವರು ಗುಣವಾಗಿ ಹೊರಗೆ ಬಂದಿದ್ದಾರೆ, ಎಲ್ಲೋ ಸುಧಾರಿಸಿಕೊಳ್ಳುತ್ತಿದ್ದಾರೆ ಎಂದೇ ನಂಬಿ ಕೂತಿದ್ದಾರೆ. ಹಾಗೆ ನಂಬಲು ಕಾರಣವಿದೆ. ಅವರ ಕಣ್ಣೆದುರೇ ಇಡೀ ಆಸ್ಪತ್ರೆ ಮಾವನಿಗೆ ಚಪ್ಪಾಳೆ ತಟ್ಟಿತು.

ಇಲ್ಲಿನ ಚಪ್ಪಾಳೆಯ ವಿಷಯ ನಿಮಗೆ ಪೂರ್ತಿ ಗೊತ್ತಿರಲಾರದು. ಕಾಯಿಲೆ ಜೋರಾದ ಮೇಲೆ ಸಂಜೆ ಹೊತ್ತು ಎಲ್ಲರೂ ಕಿಟಕಿ, ಬಾಲ್ಕನಿಗಳಿಗೆ ಬಂದು ಡಾಕ್ಟರು, ನರ್ಸುಗಳಿಗಾಗಿ ಚಪ್ಪಾಳೆ ಹೊಡೆಯುವುದು ಶುರುವಾಯಿತು. ನಮ್ಮ ಬೀದಿಯಲ್ಲಿ ಇದರ ಮುಂದಾಳು ಎರಡನೇ ಮಹಡಿಯ ಮೇಷ್ಟ್ರು. ಶಾಲೆ ಮುಚ್ಚಿದೆ, ಗಂಟೆ ಹೊಡೆಯುವ ಚಪಲ ಹೋಗಿಲ್ಲ. ಸಂಜೆಯಾದರೆ ಪಾತ್ರೆಯ ಮುಚ್ಚಳ ಹಿಡಿದು ಹೊರಗೆ ಬರುತ್ತಾರೆ, ಅವರು ಬಡಿದರೆ ಬೀದಿಗೆ ಬೀದಿಯೇ ಬಡಿಯುತ್ತದೆ. ಮೂಲೆಮನೆ ನರ್ಸು ಕೆಲಸ ಮುಗಿಸಿ ಬರುವುದು ಅದೇ ಹೊತ್ತಿಗೆ. ಪಾಪ, ತಲೆ ತಗ್ಗಿಸಿಕೊಂಡು, ಏನೋ ತಪ್ಪು ಮಾಡಿದವಳ ಹಾಗೆ ಬೀದಿ ದಾಟುತ್ತಿದ್ದಳು. ಮಾವ ಮಾತ್ರ ಒಂದು ದಿನವೂ ಹೊರಗೆ ಬರಲಿಲ್ಲ. ಹೊಲಿಗೆ ಮೆಷಿನ್ನನ್ನು ಅಂಗಡಿಯಿಂದ ಮನೆಗೆ ತಂದು ಕಿಟಕಿಯ ಪಕ್ಕ ಹಾಕಿಕೊಂಡಿದ್ದರು. ಹೊರಗೆ ಚಪ್ಪಾಳೆ ಏರಿದಷ್ಟೂ ಅವರು ಪೆಡಲ್ಲನ್ನು ಜೋರಾಗಿ ತುಳಿಯುತ್ತಿದ್ದರು. ಒಂದು ಸಲ ಕರೆದೆ. 'ಕೈ ಖಾಲಿ ಇರೋರು ಹೊಡೀಲಿ ಬಿಡಮ್ಮ' ಅಂದರು. ಹಾಸಿಗೆಯ ಬಟ್ಟೆ, ಪರದೆ ಬಟ್ಟೆ ಸಿಕ್ಕಿದ್ದನ್ನೆಲ್ಲ ಕತ್ತರಿಸಿ ಅವರು ಗೌನು, ಮಾಸ್ಕು ಹೊಲಿಯುತ್ತಿದ್ದರು, ನಾನು ಕಟ್ಟುವ ದಾರ ಕೂರಿಸಿ ಇಸ್ತ್ರಿ ಹಾಕುತ್ತಿದ್ದೆ, ನರ್ಸು ಬಂದು ಒಯ್ಯುತ್ತಿದ್ದಳು. ಮೇಷ್ಟ್ರಿಗೆ ಮಾವನ ಮೇಲೆ ಸಿಟ್ಟು, ಟೈಲರಿಗೆ ಕೃತಜ್ಞತೆ ಇಲ್ಲ ಎಂದು. ಮಾವನಿಗೆ ಮೇಷ್ಟ್ರ ಪ್ಯಾಂಟಿನ ಮೇಲೆ ಸಿಟ್ಟು, ಬೇರೆ ಯಾರೋ ಹೊಲಿದದ್ದು ಎಂದು. ನಗು ಬರುತ್ತಿತ್ತು ನನಗೆ. ಆಗ ನಗಬಹುದಾಗಿತ್ತು.

ಆಮೇಲೆ ಮಾವನಿಗೇ ಜ್ವರ ಬಂತು. ಆಸ್ಪತ್ರೆಯವರು ಬಂದು ಕರೆದುಕೊಂಡು ಹೋದರು. ನಮ್ಮನ್ನು ಒಳಗೆ ಬಿಡಲಿಲ್ಲ. ಮಾವ ಗಾಡಿ ಹತ್ತುವಾಗ ಅತ್ತೆ ಒಳಗೆ ಓಡಿ ಒಂದು ಜೊತೆ ಕಾಲುಚೀಲ ತಂದು ಕೊಟ್ಟರು. ಹಿಮ್ಮಡಿಯಲ್ಲಿ ತೂತಾಗಿ ಅತ್ತೆಯೇ ಬೇರೆ ಬಣ್ಣದ ಉಣ್ಣೆಯಲ್ಲಿ ತುಂಬಿದ್ದ ಕಾಲುಚೀಲ, ನಿಮಗೂ ಗೊತ್ತಿರಬೇಕು. ದಿನಾ ಫೋನ್ ಮಾಡಿ ಕೇಳುತ್ತಿದ್ದೆ. ಇವತ್ತು ಗಂಜಿ ಕುಡಿದರು, ಇವತ್ತು ಮಾತಾಡಿದರು ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಅವರೇ ಫೋನ್ ಮಾಡಿ, ಬನ್ನಿ, ಡಾಕ್ಟರು ಮಾತಾಡಬೇಕಂತೆ ಎಂದರು. ಹಿಂದಿನ ದಿನ ಗಂಜಿ ಕುಡಿದಿದ್ದಾರೆ, ಹಾಗಾದರೆ ಮನೆಗೆ ಕಳಿಸುತ್ತಾರೆ ಎಂದು ನಾವಿಬ್ಬರೂ ಹೊರಟೆವು. ಅತ್ತೆ ಹೊಸ ಸೀರೆ ಉಟ್ಟರು. ನಾನು ಬೇಡ ಎನ್ನಲಿಲ್ಲ, ನನಗೂ ಅದೇ ಆಸೆ ಇತ್ತು.

ಆ ಆಸ್ಪತ್ರೆಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ಗುಣವಾದವರನ್ನು ಮುಂದಿನ ಲಿಫ್ಟಿನಲ್ಲಿ ಇಳಿಸುತ್ತಾರೆ. ಕೆಳಗೆ ಹಜಾರದಲ್ಲಿ ಆ ಹೊತ್ತಿಗೆ ಕೈ ಬಿಡುವಿರುವ ನರ್ಸು, ಆಯಾ, ಡಾಕ್ಟರು ಎಲ್ಲ ಎರಡು ಸಾಲಾಗಿ ನಿಂತು, ಲಿಫ್ಟಿನ ಬಾಗಿಲು ತೆರೆದ ತಕ್ಷಣ ಚಪ್ಪಾಳೆ ತಟ್ಟುತ್ತಾರೆ. ಒಳಗೆ ಸೋತು ಸೋತು ಸಾಕಾದವರಿಗೆ ಅದೊಂದೇ ಖುಷಿಯಂತೆ. ತೀರಿಕೊಂಡವರನ್ನು ಹಿಂದಿನ ಲಿಫ್ಟಿನಲ್ಲಿ, ಯಾರಿಗೂ ಕಾಣದ ಹಾಗೆ ಇಳಿಸುತ್ತಾರೆ. ಆವತ್ತು ಹಿಂದಿನ ಲಿಫ್ಟು ಕೆಟ್ಟಿತ್ತು. ನಾವು ಹೋದಾಗ ಹಜಾರದಲ್ಲಿ ಸಾಲು ನಿಂತಿತ್ತು, ಯಾರೋ ಒಬ್ಬ ಬಸ್ ಡ್ರೈವರು ಗುಣವಾಗಿ ಹೊರಡುವವರಿದ್ದರು. ನಮ್ಮನ್ನು ಗಾಜಿನ ಬಾಗಿಲ ಹೊರಗೇ ನಿಲ್ಲಿಸಿದರು. ಲಿಫ್ಟು ತೆರೆಯಿತು. ಗಾಲಿಮಂಚವೊಂದು ಹೊರಗೆ ಬಂತು, ಮೇಲೆ ಗೂಡಿನ ಹಾಗೆ ಪ್ಲಾಸ್ಟಿಕ್ ಹೊದಿಕೆ. ಆಗ ಬದುಕಿದವರನ್ನೂ ಹಾಗೆಯೇ ಮುಚ್ಚಿ ಸಾಗಿಸುತ್ತಿದ್ದರು. ಒಳಗಿನ ಮುಖ ಕಾಣುತ್ತಿರಲಿಲ್ಲ. ಕಾಲಿನ ಕಡೆ ಹೊದಿಕೆ ಸರಿದು ಕಾಲುಚೀಲ ಕಾಣುತ್ತಿತ್ತು. ಅತ್ತೆ ನನ್ನ ತೋಳು ಹಿಡಿದುಕೊಂಡು, 'ನಮ್ಮವರು ಕಣೇ, ನಮ್ಮವರೇ' ಅಂದರು. ಅಷ್ಟರಲ್ಲಿ ಸಾಲಿನಲ್ಲಿ ಒಬ್ಬರು ಚಪ್ಪಾಳೆ ಹೊಡೆದರು, ಎಲ್ಲರೂ ಹೊಡೆದರು. ಅತ್ತೆ ಎರಡೂ ಕೈ ತಲೆಯ ಮೇಲೆ ಎತ್ತಿ ಹೊಡೆದರು. ನಾನೂ ಹೊಡೆದೆ ರೀ. ಅಂಗೈ ಕೆಂಪಾಗುವ ಹಾಗೆ ಹೊಡೆದೆ. ಗಾಲಿಮಂಚ ತಳ್ಳುತ್ತಿದ್ದವನು ಮಾತ್ರ ತಲೆ ಎತ್ತಲಿಲ್ಲ, ನಿಲ್ಲಲೂ ಇಲ್ಲ. ಸಾಲಿನ ನಡುವೆ ಬೇಗ ಬೇಗ ತಳ್ಳಿಕೊಂಡು ಪಕ್ಕದ ಬಾಗಿಲಿನಿಂದ ಹೊರಟುಹೋದ. ಚಪ್ಪಾಳೆ ಆ ಬಾಗಿಲು ಮುಚ್ಚುವವರೆಗೂ ನಡೆಯಿತು. ಸ್ವಲ್ಪ ಹೊತ್ತಿಗೆ ಲಿಫ್ಟು ಮತ್ತೆ ತೆರೆಯಿತು, ಬಸ್ ಡ್ರೈವರು ಗಾಲಿಕುರ್ಚಿಯಲ್ಲಿ ಕೈ ಮುಗಿದುಕೊಂಡು ಬಂದರು. ಅವರಿಗೆ ಚಪ್ಪಾಳೆ ಹೊಡೆಯಲು ಯಾರ ಕೈಯಲ್ಲೂ ಶಕ್ತಿ ಉಳಿದಿರಲಿಲ್ಲ.

ಡಾಕ್ಟರು ನನ್ನೊಬ್ಬಳನ್ನು ಪಕ್ಕದ ಕೋಣೆಗೆ ಕರೆದರು. ಬೆಳಗಿನ ಜಾವವೇ ಆಗಿಹೋಗಿತ್ತಂತೆ. ಚಿಕ್ಕ ವಯಸ್ಸಿನ ಹುಡುಗಿ, ಹೇಳುವಷ್ಟರಲ್ಲಿ ಅವಳ ಧ್ವನಿಯೇ ಒಡೆಯಿತು. ಮುಖ ತೋರಿಸಿ ಎಂದೆ, ಆಗುವುದಿಲ್ಲ ಎಂದಳು. ಗಾಡಿ ಹೊರಟಾಗಿದೆ, ಅಂತ್ಯಸಂಸ್ಕಾರಕ್ಕೂ ಮನೆಯವರನ್ನು ಬಿಡುವುದಿಲ್ಲ, ಎಲ್ಲ ನಾವೇ ಗೌರವದಿಂದ ಮುಗಿಸುತ್ತೇವೆ ಎಂದಳು. ಹೊರಗೆ ಬಂದರೆ ಅತ್ತೆ ಬೆಂಚಿನ ಮೇಲೆ ಕೂತು, ಎದುರಿಗೆ ಹೋಗಿಬರುವ ಪ್ರತಿಯೊಬ್ಬರಿಗೂ ಕೈ ಮುಗಿಯುತ್ತಿದ್ದಾರೆ. ಮುಖದಲ್ಲಿ ಮದುವೆ ಮನೆಯ ಕಳೆ. 'ಯಾವ ದಾರೀಲಿ ಕರಕೊಂಡು ಹೋದ್ರು? ನಮಗಿಂತ ಮುಂಚೆ ಮನೆ ಸೇರ್ತಾರೇನೋ, ಬೀಗ ಹಾಕಿದೆಯಲ್ಲೇ' ಎಂದು ಎದ್ದರು. ಇನ್ನೂ ಸ್ವಲ್ಪ ದಿನ ಬೇರೆ ಕಡೆ ಇಟ್ಟುಕೊಂಡು ಸುಧಾರಿಸಿ ಕಳಿಸುತ್ತಾರಂತೆ ಎಂದುಬಿಟ್ಟೆ. ಆ ಕ್ಷಣಕ್ಕೆ ಬಾಯಿಗೆ ಬಂದ ಮಾತು. ಮನೆಗೆ ಹೋದ ಮೇಲೆ ಹೇಳೋಣ ಅಂದುಕೊಂಡೆ, ಊಟ ಮಾಡಿದ ಮೇಲೆ ಅಂದುಕೊಂಡೆ, ಬೆಳಗಾಗಲಿ ಅಂದುಕೊಂಡೆ.

ಆವತ್ತಿನಿಂದ ನನಗೆ ಸಂಜೆಯಾಗುವುದೇ ಬೇಡವಾಗಿದೆ. ಮೇಷ್ಟ್ರ ಮುಚ್ಚಳದ ಸದ್ದು ಕೇಳಿದ ತಕ್ಷಣ ಅತ್ತೆ ತಲೆ ಬಾಚಿಕೊಳ್ಳುತ್ತಾರೆ, ಬಾಗಿಲು ತೆರೆಯುತ್ತಾರೆ, ಮೆಟ್ಟಿಲಿನ ತುದಿಗೆ ಹೋಗಿ ನಿಲ್ಲುತ್ತಾರೆ. ಅವರ ಮನಸ್ಸಿನಲ್ಲಿ ಚಪ್ಪಾಳೆ ಎಂದರೆ ಯಾರೋ ಗುಣವಾಗಿ ಇಳಿದು ಬರುತ್ತಿದ್ದಾರೆ ಎಂದೇ ಅರ್ಥ. ಬೀದಿಯವರು ಇದನ್ನು ಹೊಡೆಯುವುದು ಬೇರೆ ಕಾರಣಕ್ಕೆ ಎಂದು ಬಿಡಿಸಿ ಹೇಳಿದೆ. ನೀನು ಸುಮ್ಮನಿರೇ ಎನ್ನುವ ಹಾಗೆ ನೋಡಿದರು. 'ಮೂರು ಮಹಡಿ ಹತ್ತೋದು ಅವರಿಗೆ ಕಷ್ಟ, ಮೆಟ್ಟಿಲ ದೀಪ ಹಾಕು' ಎನ್ನುತ್ತಾರೆ. ಹಾಕುತ್ತೇನೆ. ಕೆಳಗೆ ಯಾರಾದರೂ ಮೆಟ್ಟಿಲು ಹತ್ತುವ ಸದ್ದಾದರೆ ಇಬ್ಬರೂ ಕಿವಿಗೊಟ್ಟು ನಿಲ್ಲುತ್ತೇವೆ. ಸದ್ದು ಎರಡನೇ ಮಹಡಿಯಲ್ಲಿ ನಿಂತುಹೋಗುತ್ತದೆ, ಇಲ್ಲವೇ ಮೇಲಿನ ಮಹಡಿಗೆ ದಾಟಿಹೋಗುತ್ತದೆ. ಚಪ್ಪಾಳೆ ಮುಗಿದ ಮೇಲೂ ಅತ್ತೆ ಸ್ವಲ್ಪ ಹೊತ್ತು ನಿಂತಿದ್ದು, ಒಳಗೆ ಬಂದು ಬಾಗಿಲು ಹಾಕಿ ಹೇಳುತ್ತಾರೆ, 'ಇವತ್ತೂ ಬೇರೆ ಯಾರದೋ ಮನೆಯವರು.' ಬೇಸರವಿಲ್ಲ, ಅಳುವಿಲ್ಲ. ಬಸ್ಸು ತಪ್ಪಿದವರು ಹೇಳುವ ಹಾಗೆ ಹೇಳುತ್ತಾರೆ. ಆಮೇಲೆ ಅನ್ನ ಬಡಿಸಿಕೊಂಡು ಉಣ್ಣುತ್ತಾರೆ.

ತಡೆಯಲಾರದೆ ಚಪ್ಪಾಳೆಯನ್ನೇ ನಿಲ್ಲಿಸಿ ಎಂದು ಕೇಳಲು ಹೋದೆ. ಮೇಷ್ಟ್ರು ಬಾಗಿಲಲ್ಲೇ ನಿಲ್ಲಿಸಿ ಪಾಠ ಮಾಡಿದರು. 'ನಿಮ್ಮ ಕಷ್ಟ ಅರ್ಥ ಆಗುತ್ತಮ್ಮ, ಆದ್ರೆ ಜೀವ ಒತ್ತೆ ಇಟ್ಟು ದುಡಿಯೋರಿಗೆ ಇದೂ ಮಾಡ್ಬಾರ್ದು ಅಂದ್ರೆ ಹೇಗೆ' ಎಂದರು. ಒಳಗಿನಿಂದ ಅವರ ಹೆಂಡತಿ, 'ಟೈಲರು ಇದ್ದಾಗಲೂ ಅಷ್ಟೆ, ಅವರ ಮನೆಯಿಂದ ಒಂದು ಚಪ್ಪಾಳೆ ಕೇಳಲಿಲ್ಲ' ಎಂದದ್ದು ನನಗೆ ಕೇಳಲಿ ಎಂದೇ ಹೇಳಿದ್ದು. ಮೈ ಉರಿದುಹೋಯಿತು. ಅವರ ಪರದೆಗಳ ಅಂಚನ್ನು ಮಡಿಸಿಕೊಟ್ಟದ್ದು ಯಾರು ಎಂದು ಕೇಳಬೇಕೆನಿಸಿತು, ನುಂಗಿಕೊಂಡೆ. ಬ್ರೆಡ್ಡಿನ ಅಂಗಡಿಯವನು ನನ್ನ ಪಕ್ಷ ಸೇರಿದ, ಸೇರಿ ಇನ್ನಷ್ಟು ಕೆಡಿಸಿದ. ಅವನ ಭಾವ ಆಂಬುಲೆನ್ಸ್ ಓಡಿಸುತ್ತಾನೆ. ಮಧ್ಯಾಹ್ನ ಕೂತು ಊಟ ಮಾಡಲು ಈ ಬೀದಿಯಲ್ಲಿ ಯಾರೂ ಒಂದು ಜಗಲಿ ಬಿಟ್ಟುಕೊಡಲಿಲ್ಲವಂತೆ, ಸಂಜೆ ಅದೇ ಜನ ಅದೇ ಆಂಬುಲೆನ್ಸಿಗೆ ಚಪ್ಪಾಳೆ ಹೊಡೆದರಂತೆ. ಅವನು ಅದನ್ನು ಬೀದಿ ನಡುವೆ ನಿಂತು ಹೇಳಿದ, ಮೇಲಿನ ಕಿಟಕಿಗಳೆಲ್ಲ ಒಂದೊಂದಾಗಿ ಮುಚ್ಚಿಕೊಂಡವು. ಕೊನೆಗೆ ಎದುರುಮನೆಯ ಒಂಟಿ ಅಜ್ಜಿಯ ಹತ್ತಿರ ಹೋದೆ. ಅವರು ಎಲ್ಲ ಕೇಳಿಸಿಕೊಂಡು, 'ನಿಲ್ಲಿಸಮ್ಮ, ನಿಲ್ಲಿಸೋಣ. ಆದ್ರೆ ದಿನಕ್ಕೆ ಅದೊಂದು ಗಳಿಗೆ ನಾನು ಮನುಷ್ಯರ ಮುಖ ನೋಡೋದು' ಎಂದರು. ನಾನು ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂತಿರುಗಿದೆ. ಆ ಅಜ್ಜಿಯ ಕೈಯಿಂದ ಅದನ್ನು ಕಿತ್ತುಕೊಳ್ಳಲು ನಾನು ಯಾರು?

ಭಾನುವಾರ ಮೂಲೆಮನೆ ನರ್ಸು ಬಂದಳು. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೆಯೇ ದೂರ ಕೂತಳು. ಮುಖದ ತುಂಬಾ ಮಾಸ್ಕಿನ ಗೆರೆ, ಕೈ ಎಲ್ಲ ಸುಲಿದುಹೋಗಿದೆ. ಅತ್ತೆಗೆ ಅವಳನ್ನು ಕಂಡು ಎಲ್ಲಿಲ್ಲದ ಸಂಭ್ರಮ. ಅವಳು ಅತ್ತೆಯ ಮುಖವನ್ನೇ ನೋಡುತ್ತಾ, 'ಅಮ್ಮ, ಆವತ್ತು ಮೊದಲು ಚಪ್ಪಾಳೆ ಹೊಡೆದೋಳು ನಾನೇ' ಎಂದಳು. ಕ್ಷಮೆ ಕೇಳಲು ಬಂದಿದ್ದಳು ರೀ. ಅತ್ತೆ ಅದನ್ನು ಮುಗಿಸಲು ಬಿಡಲಿಲ್ಲ. 'ನಿನ್ನ ಹೊಟ್ಟೆ ತಣ್ಣಗಿರಲಿ ಮಗಳೇ, ನಮ್ಮೋರನ್ನ ಉಳಿಸಿಕೊಟ್ಟೆ' ಎಂದು ದೂರದಿಂದಲೇ ಕೈ ಎತ್ತಿ ಹರಸಿದರು. ಅವಳು ನನ್ನ ಕಡೆ ನೋಡಿದಳು. ನಾನು ಬೇಡ ಎಂದು ತಲೆ ಅಲ್ಲಾಡಿಸಿದೆ. ಅವಳು ಎದ್ದು ದಡದಡ ಇಳಿದುಹೋದಳು.

ಹಿಂದೆಯೇ ಹೋದೆ. ಕೆಳಗೆ ಸೈಕಲ್ ನಿಲ್ಲಿಸುವ ಜಾಗದಲ್ಲಿ ಗೋಡೆಗೆ ಒರಗಿ ಅಳುತ್ತಿದ್ದಳು. ಬಾಗಿಲು ತೆರೆದರೆ ಹೊಡೆಯುವುದು ಕೈಗೆ ಅಭ್ಯಾಸವಾಗಿಬಿಟ್ಟಿತ್ತು, ಹಾಗಾಗಿ ಹೊಡೆದೆ ಎಂದಳು. ಗಾಲಿಮಂಚ ಎರಡು ಹೆಜ್ಜೆ ಮುಂದೆ ಬಂದ ಮೇಲೆ, ತಳ್ಳುತ್ತಿದ್ದವನ ಮುಖ ನೋಡಿ ಅವಳಿಗೆ ಗೊತ್ತಾಯಿತಂತೆ. ಕಾಲುಚೀಲ ನೋಡಿ ಯಾರೆಂದೂ ಗೊತ್ತಾಯಿತು. ಕೈ ಇಳಿಸಬೇಕು ಅನ್ನುವಷ್ಟರಲ್ಲಿ ಗಾಜಿನಾಚೆ ಅತ್ತೆ ಕಂಡರಂತೆ, ತಲೆಯ ಮೇಲೆ ಕೈ ಎತ್ತಿ ನಗುತ್ತಾ ಹೊಡೆಯುತ್ತಿದ್ದವರು. 'ನಾನು ನಿಲ್ಲಿಸಿದ್ರೆ ಅಲ್ಲೇ, ಆ ಹಜಾರದಲ್ಲೇ ಅವರಿಗೆ ಗೊತ್ತಾಗಿಬಿಡ್ತಿತ್ತು ಅಕ್ಕ. ಅದಕ್ಕೆ ಇನ್ನೂ ಜೋರಾಗಿ ಹೊಡೆದೆ. ಪಕ್ಕದೋಳಿಗೂ ಗೊತ್ತಾಯ್ತು, ಅವಳ ಪಕ್ಕದೋಳಿಗೂ. ಎಲ್ರಿಗೂ ಗೊತ್ತಾಯ್ತು. ಯಾರೂ ನಿಲ್ಲಿಸ್ಲಿಲ್ಲ' ಎಂದಳು. ಅಷ್ಟೂ ಜನ ತಿಳಿದೂ ತಿಳಿದೂ ಮಾವನಿಗೆ ಚಪ್ಪಾಳೆ ಹೊಡೆದಿದ್ದಾರೆ. ಜೀವಮಾನದಲ್ಲಿ ಯಾರಿಂದಲೂ ಹೊಗಳಿಸಿಕೊಳ್ಳದ ಮನುಷ್ಯ, ಬಟ್ಟೆ ಚೆನ್ನಾಗಿದೆ ಎಂದರೆ ಸಾಕು, ಬೇಗ ಹೋಗಿ ಎಂದು ಗದರುತ್ತಿದ್ದವರು. ಬೀದಿಯ ಚಪ್ಪಾಳೆ ನಿನಗೆ ಹೇಗನಿಸುತ್ತದೆ ಎಂದು ಕೇಳಿದೆ. ಮೊದಮೊದಲು ಕೇಳಿದರೆ ಕಣ್ಣು ತುಂಬಿ ಬರುತ್ತಿತ್ತು, ಈಗ ಚಪ್ಪಾಳೆ ಕೇಳಿದರೆ ಯಾರು ಹೋದರು ಎಂದು ಹಿಂತಿರುಗಿ ನೋಡುತ್ತೇನೆ ಎಂದಳು. ಅವಳಿಗೂ ನಿದ್ದೆ ಇಲ್ಲವಂತೆ. ಅತ್ತೆಗೆ ನೀವೇ ಹೇಳಿ ಅಕ್ಕ, ಇಲ್ಲವಾದರೆ ನಾನೇ ಹೇಳುತ್ತೇನೆ, ಆ ಆಶೀರ್ವಾದ ಹೊತ್ತುಕೊಂಡು ನಾನು ಬದುಕಲಾರೆ ಎಂದು ಕೈ ಹಿಡಿಯಲು ಬಂದು, ಮುಟ್ಟಬಾರದೆಂದು ನೆನಪಾಗಿ ಹಿಂದೆ ಸರಿದಳು.

ನಾನು ಹೇಳಲಾರೆ ರೀ. ಪ್ರಯತ್ನ ಮಾಡಿಲ್ಲ ಅಂದುಕೊಳ್ಳಬೇಡಿ. ಅತ್ತೆಯ ಎದುರು ಕೂತು ಬಾಯಿ ತೆರೆದರೆ ಬೇರೆಯೇ ಮಾತು ಬರುತ್ತದೆ, ಉಪ್ಪು ಮುಗಿದಿದೆ ಎನ್ನುತ್ತೇನೆ, ಸೆಕೆ ಎನ್ನುತ್ತೇನೆ. ತವರಿಲ್ಲದೆ ಬಂದ ನನಗೆ ಕತ್ತರಿ ಹಿಡಿಯುವುದನ್ನು ಕಲಿಸಿ, ಅಂಗಡಿಯ ಬೀಗದ ಕೈ ಕೊಟ್ಟು ಕೂರಿಸಿದವರು ಮಾವ. ಅವರು ಅರ್ಧ ಹೊಲಿದಿಟ್ಟ ಒಂದು ಕೋಟು ಮೆಷಿನ್ನಿನ ಮೇಲೇ ಇದೆ. ಗಿರಾಕಿ ಎರಡು ಸಲ ಕೇಳಿ ಕಳಿಸಿದರು. ತೋಳು ಕೂರಿಸಿದ್ದೇನೆ, ಗುಂಡಿ ಹಾಕಿದ್ದೇನೆ. ಕಾಲರು ಮಾತ್ರ ಮುಟ್ಟಿಲ್ಲ, ಕಾಲರು ಮಾವನೇ ಕೂರಿಸಬೇಕು, ನಾನು ಮಾಡಿದರೆ ಬಿಚ್ಚಿಸುತ್ತಾರೆ. ಅತ್ತೆಗೆ ನಿಮ್ಮ ಮಾತೆಂದರೆ ಮಾತು. ನಿಮ್ಮ ಸರದಿ ಬಂದಾಗ ಫೋನ್ ಮಾಡಿ, ಮೊದಲು ನನ್ನ ಹತ್ತಿರ ಮಾತಾಡಬೇಡಿ, ನೇರವಾಗಿ ಅತ್ತೆಗೆ ಕೊಡು ಎನ್ನಿ. ಸುತ್ತಿಬಳಸಿ ಹೇಳಬೇಡಿ. ನಾನು ಪಕ್ಕದಲ್ಲೇ ಇರುತ್ತೇನೆ, ಹಿಡಿದುಕೊಳ್ಳುತ್ತೇನೆ.

ನಿಮ್ಮ ಜೊತೆಯವರಿಗೆಲ್ಲ ನನ್ನ ನಮಸ್ಕಾರ ಹೇಳಿ, ಅವರ ಮನೆಗಳಲ್ಲೂ ಯಾರೋ ಹೀಗೆಯೇ ಕಾಯುತ್ತಿರಬಹುದು. ಅತ್ತೆ ನಿಮಗೆ ಆಶೀರ್ವಾದ ಬರೆಯಲು ಹೇಳಿದ್ದಾರೆ, ಒಲೆಯ ಹತ್ತಿರ ಕೈ ಜೋಪಾನ ಎಂದಿದ್ದಾರೆ.

ನಿಮ್ಮ ದಾರಿ ನೋಡುತ್ತಿರುವ,
ನಿಮ್ಮವಳು

ತಾ.ಕ.: ಗುಮಾಸ್ತರ ಹುಡುಗ ಪತ್ರಕ್ಕಾಗಿ ಕೆಳಗೆ ಕಾಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಈಗಷ್ಟೇ ಸಂಜೆಯ ಚಪ್ಪಾಳೆ ಮುಗಿಯಿತು. ಅತ್ತೆ ಇವತ್ತು ಏಳಲಿಲ್ಲ. ಮಧ್ಯಾಹ್ನ ನಾನು ಒಳಗೆ ಕೂತು ನಿಮಗೆ ಬರೆಯುತ್ತಿದ್ದಾಗ ಅವರು ತಾವೇ ಮೂಲೆಮನೆಗೆ ಹೋಗಿ, ಇವತ್ತು ರಜೆಯಲ್ಲಿದ್ದ ನರ್ಸನ್ನು ಕೇಳಿದ್ದಾರೆ. ಭಾನುವಾರ ಅವಳು ದಡದಡ ಇಳಿದುಹೋದಾಗಲೇ ಅತ್ತೆಗೆ ಅನುಮಾನ ಬಂದಿತ್ತಂತೆ, ಅವಳು ಹೇಳಿಬಿಟ್ಟಿದ್ದಾಳೆ. ಅಲ್ಲೇ ಅತ್ತು, ಮುಖ ತೊಳೆದುಕೊಂಡು ಬಂದಿದ್ದಾರೆ, ನನಗೆ ತಿಳಿಯಲೇ ಇಲ್ಲ. ಈಗ ಒಳಗಿನಿಂದ ಕೂಗಿ ಹೇಳಿದರು, 'ಬಾರೇ ಒಳಗೆ, ಬಾಗಿಲು ಹಾಕು. ಅವರು ಬರಲ್ಲ ಕಣೇ.' ಆಗ ನೋಡಿಕೊಂಡೆ. ಬಾಗಿಲು ತೆರೆದು ಮೆಟ್ಟಿಲ ತುದಿಯಲ್ಲಿ ನಿಂತಿದ್ದವಳು ನಾನು. ದೀಪ ಹಾಕಿದವಳೂ ನಾನೇ. ಬಾಗಿಲು ಇನ್ನೂ ಹಾಕಿಲ್ಲ, ಹಾಕಲು ಕೈ ಬರುತ್ತಿಲ್ಲ. ನೀವು ಫೋನ್ ಮಾಡಿದಾಗ ಅತ್ತೆಗೆ ಏನೂ ಹೇಳಬೇಕಾಗಿಲ್ಲ. 'ಅಪ್ಪ ಇಲ್ಲ ಕಣೇ' ಎಂದು ನನಗೆ ಹೇಳಿ. ನೀವು ಹೇಳಿದರೆ ನಂಬುತ್ತೇನೆ.